ಮನೆಯ ವರ್ಕ್‌ಶಾಪಿನ ಒಳಗೋಡೆ: ಸಾರಣೆಯಿಂದ ಸ್ಕ್ರೂವರೆಗೆ

ಹಿತ್ತಿಲ ಕೋಣೆಯಲ್ಲಿ ಮರಗೆಲಸಕ್ಕೆ ಜಾಗ ಮಾಡಿಕೊಂಡಾಗ ನಾನು ಮಾಡಿದ ಮೊದಲ ತಪ್ಪು, ಗೋಡೆಗೆ ಪುಟ್ಟಿ ಹಾಕಿಸಿದ್ದು. ಮನೆಗೆ ಪೇಂಟ್ ಮಾಡುತ್ತಿದ್ದವರನ್ನೇ ‘ಹೇಗೂ ಬಂದಿದ್ದೀರಿ, ಇದನ್ನೂ ಮುಗಿಸಿಬಿಡಿ’ ಎಂದೆ. ಎರಡು ಕೋಟು ಪುಟ್ಟಿ, ಪ್ರೈಮರ್, ಮೇಲೆ ಎಮಲ್ಷನ್. ಗೋಡೆ ಬೆಣ್ಣೆಯ ಹಾಗಿತ್ತು. ವರ್ಷ ತುಂಬುವ ಮೊದಲೇ ಹಲಗೆಯ ಮೂಲೆ ತಗುಲಿದಲ್ಲೆಲ್ಲ ರೂಪಾಯಿಯಗಲ ಚಕ್ಕೆ ಎದ್ದಿತ್ತು. ಕ್ಲ್ಯಾಂಪುಗಳ ಭಾರಕ್ಕೆ ಮೊಳೆಯ ಜೊತೆ ಪುಟ್ಟಿಯೂ ಕಿತ್ತು ಬಂತು. ಮಳೆಗಾಲದಲ್ಲಿ ಕೆಳಗಿನ ಎರಡಡಿ ಗೋಡೆ ಹಪ್ಪಳದಂತೆ ಉಬ್ಬಿತು. ಎಲ್ಲವನ್ನೂ ಕೆರೆದು ಮತ್ತೆ ಮೊದಲಿನಿಂದ ಮಾಡಬೇಕಾಯಿತು.

ಹಾಲ್‌ನ ಗೋಡೆಯನ್ನು ನಾವು ನೋಡುತ್ತೇವೆ, ವರ್ಕ್‌ಶಾಪಿನ ಗೋಡೆಯ ಮೇಲೆ ಭಾರ ಹೇರುತ್ತೇವೆ. ಹಾಗಾಗಿ ಎಲ್ಲಿ ಏನು ತೂಗುಹಾಕುವುದು ಎಂದು ಮೊದಲು ತೀರ್ಮಾನವಾಗಬೇಕು. ಸಾರಣೆ (ಗಾರೆಯ ಪ್ಲಾಸ್ಟರಿಂಗ್), ಬಣ್ಣ, ವಯರು ಎಲ್ಲ ಅದರ ಹಿಂದೆ ಬರಬೇಕು. ಇಲ್ಲಿ ಹೇಳುವ ಲೆಕ್ಕವೆಲ್ಲ 10 ಅಡಿ ಅಗಲ, 12 ಅಡಿ ಉದ್ದ, ಒಂಬತ್ತೂವರೆ ಅಡಿ ಎತ್ತರದ, ಒಂದು ಬಾಗಿಲು ಒಂದು ಕಿಟಕಿಯ ಕೋಣೆಯದು. ಬಾಗಿಲು, ಕಿಟಕಿ ಕಳೆದರೆ ಗೋಡೆಯ ವಿಸ್ತೀರ್ಣ ಸುಮಾರು 380 ಚದರ ಅಡಿ.

ಮೊದಲು ಸೀಮೆಸುಣ್ಣ

ಸಾರಣೆಯಾಗದ ಬರಿ ಗೋಡೆಯ ಮೇಲೆಯೇ ಸೀಮೆಸುಣ್ಣದಲ್ಲಿ ಬರೆಯಿರಿ. ಕೆಲಸದ ಮೇಜು ಎಲ್ಲಿ, ಅದರ ಎತ್ತರ ಎಷ್ಟು? ನಿಂತು ಕೈ ಇಳಿಬಿಟ್ಟಾಗ ಮಣಿಕಟ್ಟು ಬರುವ ಮಟ್ಟ ಹೆಚ್ಚಿನವರಿಗೆ ಒಗ್ಗುತ್ತದೆ. ನನಗೆ ಅದು 34 ಇಂಚು. ಮೇಜಿನ ಹಿಂದಿನ ಗೋಡೆಯಲ್ಲಿ 36 ಇಂಚಿನಿಂದ 84 ಇಂಚಿನವರೆಗಿನ ನಾಲ್ಕಡಿ ಪಟ್ಟಿಯೇ ಕೈಗೆಟುಕುವ ಜಾಗ. ದಿನಾ ಬಳಸುವ ಉಳಿ, ಗರಗಸ, ಸುತ್ತಿಗೆಗಳಿಗೆ ಅಲ್ಲೇ ನೆಲೆ. ಅದರ ಮೇಲೆ ವರ್ಷಕ್ಕೊಮ್ಮೆ ಇಳಿಸುವ ವಸ್ತುಗಳನ್ನಿಡಬಹುದು.

ಉಳಿದ ಗೋಡೆಗಳಲ್ಲಿ ಪ್ಲಗ್ ಪಾಯಿಂಟುಗಳನ್ನು 50 ಇಂಚಿಗೆ ಗುರುತು ಮಾಡಿ. ಎಂಟಡಿ–ನಾಲ್ಕಡಿಯ ಪ್ಲೈ ಹಾಳೆಯನ್ನು ಅಡ್ಡಲಾಗಿ ಗೋಡೆಗೊರಗಿಸಿದರೆ ಅದರ ಎತ್ತರ 48 ಇಂಚು. ಮನೆಯ ಒಳಗಿನಂತೆ ನೆಲದಿಂದ ಒಂದಡಿ ಮೇಲೆ ಪಾಯಿಂಟ್ ಕೊಟ್ಟರೆ ಮೊದಲ ಹಾಳೆ ತಂದ ದಿನವೇ ಅದು ಮುಚ್ಚಿಹೋಗುತ್ತದೆ.

ಗ್ರೈಂಡರ್, ವೆಲ್ಡಿಂಗ್ ಇದ್ದರೆ ಅದಕ್ಕೊಂದು ಮೂಲೆ ಬೇರೆ ಮಾಡಿ, ಸುತ್ತ ಗೆರೆ ಎಳೆಯಿರಿ. ಆ ಗೆರೆಯೊಳಗೆ ಮರ ಬರಕೂಡದು.

ಗೋಡೆ ಯಾವುದರದ್ದು?

ಸಿಮೆಂಟಿನ ಸಾಲಿಡ್ ಬ್ಲಾಕ್ ಗೋಡೆ ಈ ಕೆಲಸಕ್ಕೆ ಬಲು ಅನುಕೂಲ. ಹ್ಯಾಮರ್ ಡ್ರಿಲ್ಲಿನಲ್ಲಿ ತೂತು ಹೊಡೆದು, ಸ್ಕ್ರೂ ಕಚ್ಚಿಕೊಳ್ಳಲು ಒಳಗೆ ತೂರಿಸುವ ಪ್ಲಾಸ್ಟಿಕ್ ರಾಲ್ ಪ್ಲಗ್ ಹಾಕಿದರೆ ಗಟ್ಟಿಯಾಗಿ ಕಚ್ಚುತ್ತದೆ. ಸುಟ್ಟ ಇಟ್ಟಿಗೆಯದಾದರೆ ಇಟ್ಟಿಗೆಯ ಮಧ್ಯಕ್ಕೆ ಕೊರೆಯಬೇಕು, ಸಂದಿನ ಗಾರೆಗಲ್ಲ. ಹಾಲೋ ಬ್ಲಾಕಿನಲ್ಲಿ ಮಾಮೂಲಿ ಪ್ಲಗ್ ಒಳಗೆ ಹೋಗಿ ತಿರುಗುತ್ತಲೇ ಇರುತ್ತದೆ. ಹಿಂದೆ ಅರಳಿಕೊಳ್ಳುವ ಬಗೆಯದು ಬೇಕು. ಎಎಸಿ ಬ್ಲಾಕ್, ಅಂದರೆ ಆ ಹಗುರವಾದ ಬಿಳಿ ಬ್ಲಾಕ್ ಆದರೆ ಡ್ರಿಲ್ಲಿನ ಹ್ಯಾಮರ್ ಆಫ್ ಮಾಡಿ, ಬರೀ ತಿರುಗಿಸಿ ಕೊರೆಯಿರಿ. ಅದಕ್ಕೆಂದೇ ಸಿಗುವ ಉದ್ದನೆಯ ನೈಲಾನ್ ಪ್ಲಗ್ ಬಳಸಿ.

ಕರಾವಳಿಯವರ ಮುರಕಲ್ಲಿನ ಗೋಡೆಯದು ಬೇರೆಯದೇ ಕಥೆ. ಕಲ್ಲಿನಲ್ಲಿ ಮೊದಲೇ ರಂಧ್ರಗಳು. ಒಂದು ಕಡೆ ಕಬ್ಬಿಣದಂತೆ ಗಟ್ಟಿ, ಎರಡಿಂಚು ಪಕ್ಕದಲ್ಲಿ ಪುಡಿಪುಡಿ. ಅಲ್ಲೂ ಹ್ಯಾಮರ್ ಇಲ್ಲದೆ ಕೊರೆಯಿರಿ, ದಪ್ಪ ಮತ್ತು ಉದ್ದದ ಪ್ಲಗ್ ಹಾಕಿ, ಭಾರವನ್ನು ನಾಲ್ಕು ಸ್ಕ್ರೂ ಬದಲು ಎಂಟಕ್ಕೆ ಹಂಚಿ.

ಅಮೆರಿಕದ ಗ್ಯಾರೇಜಿನಲ್ಲಿ ವರ್ಕ್‌ಶಾಪ್ ಮಾಡಿಕೊಳ್ಳುವ ನಮ್ಮವರಿಗೆ ಇದಾವುದೂ ಅನ್ವಯಿಸದು. ಅಲ್ಲಿ ಸಾಮಾನ್ಯವಾಗಿ 16 ಇಂಚಿಗೊಂದು ಮರದ ಕಂಬ, ಮೇಲೆ ಜಿಪ್ಸಂ ಹಲಗೆ. ಸ್ಕ್ರೂ ಆ ಕಂಬಕ್ಕೇ ಸಿಗಬೇಕು. ಮನೆಗೆ ಅಂಟಿದ ಗ್ಯಾರೇಜಾದರೆ ಮನೆ ಕಡೆಯ ಗೋಡೆಯಲ್ಲಿರುವ ಜಿಪ್ಸಂ ಹಲಗೆ ಬೆಂಕಿ ತಡೆಗೆ ಇರುವಂಥದ್ದು. ಅದನ್ನು ಕಿತ್ತು ಪ್ಲೈ ಹಾಕದೆ ಅದರ ಮೇಲೇ ಪ್ಲೈ ಕೂರಿಸಬೇಕು.

ಶೀತದ ಗೋಡೆ

ಮಲೆನಾಡು, ಕರಾವಳಿಯವರು ಈ ಭಾಗವನ್ನು ಎರಡು ಸಲ ಓದಬೇಕು. ಶೀತದ ಗೋಡೆಗೆ ತೂಗುಹಾಕಿದ ಉಕ್ಕಿನ ಹತ್ಯಾರು ಒಂದು ಮಳೆಗಾಲದಲ್ಲಿ ಕೆಂಪಗಾಗುತ್ತದೆ.

ಪರೀಕ್ಷೆ ಸುಲಭ. ಒಂದು ಚದರ ಅಡಿಯ ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚನ್ನು ಟೇಪಿನಿಂದ ಗೋಡೆಗೆ ಭದ್ರವಾಗಿ ಅಂಟಿಸಿ ಎರಡು ದಿನ ಬಿಡಿ. ಹಾಳೆಯ ಹಿಂಬದಿಯಲ್ಲಿ, ಗೋಡೆಗೆ ತಾಗಿದ ಕಡೆ ಹನಿ ಕೂತಿದ್ದರೆ ನೀರು ಗೋಡೆಯೊಳಗಿನಿಂದ ಬರುತ್ತಿದೆ. ಮುಂಬದಿಯಲ್ಲಿ ಪಸೆಯಿದ್ದರೆ ಅದು ಕೋಣೆಯ ಗಾಳಿಯದು. ಗಾಳಿಯಾಡಲು ದಾರಿ ಮಾಡಿದರೆ ಸಾಕು. ಬೇಸಿಗೆಯಲ್ಲಿ ಪರೀಕ್ಷಿಸಿ ‘ನಮ್ಮದು ಒಣಗೋಡೆ’ ಎಂದು ಬೀಗಬೇಡಿ. ಜುಲೈ ತಿಂಗಳಿನಲ್ಲಿ ಮತ್ತೊಮ್ಮೆ ಅಂಟಿಸಿ ನೋಡಿ.

ಒಳಗಿಂದ ಬರುವ ನೀರಿಗೆ ಎರಡೇ ದಾರಿ. ಕೆಳಗಿನ ಎರಡು–ಮೂರಡಿ ಮಾತ್ರ ಒದ್ದೆಯಾಗಿ, ಮೇಲ್ಗಡೆ ಅಂಕುಡೊಂಕು ಗೆರೆ ಕಂಡು, ಬಿಳಿ ಉಪ್ಪು ಏಳುತ್ತಿದ್ದರೆ ಅದು ನೆಲದಿಂದ ಏರುವ ತೇವ. ಕಿಟಕಿಯ ಮೂಲೆಯಲ್ಲೋ ಗೋಡೆಯ ನಡುವಿನಲ್ಲೋ ಮಚ್ಚೆಯಂತೆ ಕಂಡರೆ ಹೊರಗಿನ ಬಿರುಕು, ಸಜ್ಜೆ ಅಥವಾ ಪೈಪು ಕಾರಣ. ಎರಡಕ್ಕೂ ಮದ್ದು ಶುರುವಾಗುವುದು ಹೊರಗಿನಿಂದ. ಹೊರಗಿನ ಮಣ್ಣು ಒಳಗಿನ ನೆಲದ ಮಟ್ಟಕ್ಕೆ ಏರಿದ್ದರೆ ಕನಿಷ್ಠ ಅರ್ಧ ಅಡಿ ಕೆಳಗಿಳಿಸಿ, ಸೂರಿನ ನೀರು ಗೋಡೆಯ ಬುಡಕ್ಕೆ ಬೀಳದಂತೆ ಚರಂಡಿ ತಿರುಗಿಸಿ, ಹೊರ ಬಿರುಕುಗಳನ್ನು ಮುಚ್ಚಿ. ನನ್ನ ಗೋಡೆಯ ಅರ್ಧ ಶೀತ ಹೋದದ್ದು ಒಂದು ದಿನ ಗುದ್ದಲಿ ಹಿಡಿದು ಹಿಂಬದಿಯ ಮಣ್ಣು ತೆಗೆದ ಮೇಲೆ. ಅದಕ್ಕೂ ಮೊದಲು ಎರಡು ಡಬ್ಬ ವಾಟರ್‌ಪ್ರೂಫ್ ಬಳಿದದ್ದು ದಂಡ.

ಒಳಗಡೆ, ಒದ್ದೆ ಗೆರೆಯಿಂದ ಒಂದಡಿ ಮೇಲಿನವರೆಗೆ ಹಳೆಯ ಗಾರೆಯನ್ನು ಉಳಿ ಹಿಡಿದು ಕೆಡವಿ. ಉಪ್ಪನ್ನು ಒಣ ಬ್ರಷ್ಷಿನಿಂದ ಉಜ್ಜಿ ಗುಡಿಸಿ. ನೀರು ಹಾಕಿ ತೊಳೆದರೆ ಉಪ್ಪು ಕರಗಿ ಮತ್ತೆ ಗೋಡೆಯೊಳಗೇ ಸೇರುತ್ತದೆ. ಆಮೇಲೆ ಆತುರ ಬೇಡ, ಕೆಲವು ತಿಂಗಳು ಹಾಗೇ ಬಿಟ್ಟು ಒಣಗಲು ಕೊಡಿ. ನೆಲದಿಂದ ನೀರು ಏರುತ್ತಿರುವಾಗಲೇ ಒಳಮೈಗೆ ಗಟ್ಟಿ ಲೇಪ ಕೊಟ್ಟರೆ ನೀರಿಗೆ ಹೊರಹೋಗುವ ದಾರಿ ಇರದೆ ಇನ್ನೂ ಎರಡಡಿ ಮೇಲಕ್ಕೆ ಹತ್ತುತ್ತದೆ.

ಮಣ್ಣಿನ ಗೋಡೆ, ಹಳೆಯ ಮುರಕಲ್ಲಿನ ಗೋಡೆಗಳಿಗೆ ಸಿಮೆಂಟಿಗಿಂತ ಸುಣ್ಣದ ಗಾರೆಯೇ ಸರಿ. ಅದು ಒಳಗಿನ ಪಸೆಯನ್ನು ಹಿಡಿದಿಡದೆ ಹೊರಗೆ ಬಿಡುತ್ತದೆ. ಬೆಲ್ಲದ ನೀರು, ಅಳಲೆಕಾಯಿ ರಸ ಸೇರಿಸಿ ಸುಣ್ಣದ ಗಾರೆ ಅರೆಯುತ್ತಿದ್ದ ಪದ್ಧತಿ ನಮ್ಮ ಕಡೆ ಹಳೆಯದು. ಈಗ ಆ ಕೈಗಳು ಸಿಗುವುದೇ ಕಷ್ಟ. ಸಿಕ್ಕರೆ ಬಿಡಬೇಡಿ.

ಸಾರಣೆ

ಮನೆಯ ಒಳಗೋಡೆಗೆ 12 ಮಿ.ಮೀ. ದಪ್ಪ, ಒಂದಕ್ಕೆ ಆರು ಮಿಶ್ರಣ ಎಂಬುದು ರೂಢಿ. ಪೆಟ್ಟು ತಿನ್ನುವ ಗೋಡೆಗೆ ಒಂದು ಪಾಲು ಸಿಮೆಂಟಿಗೆ ಐದು ಪಾಲು ಮರಳು, 15 ಮಿ.ಮೀ. ದಪ್ಪ ಮಾಡಿಸಿ. ಇನ್ನೂ ಗಟ್ಟಿಯಾಗಲಿ ಎಂದು ಒಂದಕ್ಕೆ ಮೂರು ಹಾಕಿಸಿದರೆ ಒಣಗುವಾಗ ಕುಗ್ಗಿ ಬಿರುಕು ಬಿಡುತ್ತದೆ. 380 ಚದರ ಅಡಿಗೆ, ಸಂದು ತುಂಬುವುದು, ನೆಲಕ್ಕೆ ಬೀಳುವುದು ಎಲ್ಲ ಸೇರಿ 50 ಕೆ.ಜಿ.ಯ ನಾಲ್ಕೈದು ಮೂಟೆ ಸಿಮೆಂಟು, 25ರಿಂದ 30 ಘನ ಅಡಿ ಮರಳು ಹಿಡಿಯುತ್ತದೆ.

ಮರಳು ಕೇಳುವಾಗ ಪಿ-ಸ್ಯಾಂಡ್, ಅಂದರೆ ಸಾರಣೆಗೆಂದೇ ಕಲ್ಲು ಅರೆದು ಮಾಡಿದ ಸಣ್ಣ ಮರಳು ಎಂದೇ ಕೇಳಿ. ಅದೇ ಬಗೆಯ ದಪ್ಪ ಮರಳಾದ ಎಂ-ಸ್ಯಾಂಡ್ ಕಾಂಕ್ರೀಟಿಗೆ, ಕಟ್ಟಡಕ್ಕೆ. ಸಾರಣೆಗೆ ಅದು ಒರಟು. ಕ್ವಾರಿಯ ಕಲ್ಲುಪುಡಿಯನ್ನೇ ಪಿ-ಸ್ಯಾಂಡ್ ಎಂದು ಇಳಿಸಿ ಹೋಗುವವರೂ ಇದ್ದಾರೆ. ಗಾಜಿನ ಲೋಟದಲ್ಲಿ ಅರ್ಧ ಮರಳು, ಮೇಲೆ ನೀರು ಹಾಕಿ ಕುಲುಕಿ ಇಡಿ. ತಳದಲ್ಲಿ ಮರಳು ಕೂತು ಮೇಲೆ ದಪ್ಪ ಕೆನೆಯಂತೆ ದೂಳಿನ ಪದರ ನಿಂತರೆ ಆ ಲೋಡ್ ವಾಪಸ್ ಕಳಿಸಿ.

ಗೋಡೆ ಸಿದ್ಧ ಮಾಡುವುದೇ ಅರ್ಧ ಕೆಲಸ. ಸಂದಿನ ಗಾರೆಯನ್ನು 10 ಮಿ.ಮೀ. ಆಳಕ್ಕೆ ಕೆರೆದು ಹಲ್ಲು ಮಾಡಬೇಕು. ನುಣುಪಾದ ಕಾಂಕ್ರೀಟ್ ಕಂಬಕ್ಕೆ ಉಳಿಯಿಂದ ಕಚ್ಚು ಹಾಕಬೇಕು. ಕಂಬವೂ ಗೋಡೆಯೂ ಸೇರುವ ಕಡೆ ಚಿಕನ್ ಮೆಶ್ (ತೆಳು ತಂತಿಯ ಜಾಲರಿ) ಎರಡೂ ಬದಿಗೆ ಆರಾರು ಇಂಚು ಬರುವಂತೆ ಹೊಡೆಯಬೇಕು. ಇಲ್ಲದಿದ್ದರೆ ಆ ಗೆರೆಯ ಉದ್ದಕ್ಕೂ ಕೂದಲೆಳೆಯ ಬಿರುಕು ಗ್ಯಾರಂಟಿ. ಇಟ್ಟಿಗೆಯ ಗೋಡೆ ಚೆನ್ನಾಗಿ ನೆನೆಯಲಿ, ಸಾಲಿಡ್ ಬ್ಲಾಕಿಗೆ ಮಿತವಾಗಿ, ಎಎಸಿಗೆ ಬರೀ ಚಿಮುಕಿಸಿದರೆ ಸಾಕು.

ಮೇಸ್ತ್ರಿ ತೂಗುಗುಂಡು ಇಳಿಬಿಟ್ಟು ಗೋಡೆಯ ಮೇಲೆ ಅಲ್ಲಲ್ಲಿ ಗಾರೆಯ ಗುರುತು ಇಡುತ್ತಾರೆ. ಬುಲ್ ಮಾರ್ಕ್ ಎನ್ನುವುದು ಅದಕ್ಕೇ. ಆ ಹೊತ್ತಿಗೆ ನೀವೂ ಅಲ್ಲಿರಿ. ಉಳಿದ ಮೂರು ಗೋಡೆ ಕಾಲಿಂಚು ಆಚೀಚೆ ಆದರೂ ನಡೆಯುತ್ತದೆ, ಮೇಜಿನ ಹಿಂದಿನ ಗೋಡೆ ಮಾತ್ರ ತೂಗುಗುಂಡಿಗೆ ಸರಿಯಾಗಿ ನೆಟ್ಟಗಿರಲಿ. ಅದರ ಮೇಲೇ ಪ್ಲೈ ಕೂರಬೇಕು. ಕಲಸಿದ ಗಾರೆ ಅರ್ಧ ಗಂಟೆಯೊಳಗೆ ಗೋಡೆ ಸೇರಬೇಕು. ಊಟ ಮುಗಿಸಿ ಬಂದು ಗಟ್ಟಿಯಾದದ್ದಕ್ಕೆ ಮತ್ತೆ ನೀರು ಹಾಕಿ ಕಲಸುವುದನ್ನು ಕಂಡರೆ ಸುಮ್ಮನಿರಬೇಡಿ.

ಮೇಲ್ಮೈ ಬೇಗ ಎಳೆದುಕೊಳ್ಳಲಿ ಎಂದು ಹಸಿ ಸಾರಣೆಯ ಮೇಲೆ ಒಣ ಸಿಮೆಂಟು ಎರಚಿ ಕರಣೆಯಿಂದ ನಯ ಮಾಡುವ ಅಭ್ಯಾಸವೂ ಇದೆ. ಅಂಥ ಗೋಡೆ ತಿಂಗಳೊಳಗೆ ಜೇಡರಬಲೆಯಂತೆ ಬಿರಿಯುತ್ತದೆ. ನಮಗೆ ನಯ ಬೇಕಾಗಿಯೇ ಇಲ್ಲ. ಮರದ ಹಲಗೆಯಿಂದ ಉಜ್ಜಿ, ಸ್ಪಾಂಜಿನಲ್ಲಿ ಒರೆಸಿದ ಮೈ ಸಾಕು.

ಮಾರನೆಯ ದಿನದಿಂದ ಕನಿಷ್ಠ ಏಳು ದಿನ, ದಿನಕ್ಕೆ ಮೂರು ಸಲ ನೀರು. ಇದನ್ನು ಯಾರಿಗೂ ವಹಿಸಬೇಡಿ, ನೀವೇ ಪೈಪು ಹಿಡಿಯಿರಿ. ಮಾರ್ಚಿ, ಏಪ್ರಿಲ್ ಬಿಸಿಲಿನಲ್ಲಿ ಕಿಟಕಿ ಮುಚ್ಚಿಡುವುದು ಒಳ್ಳೆಯದು. ಕ್ಯೂರಿಂಗ್ ಮುಗಿದ ಮೇಲೆ ಸುತ್ತಿಗೆಯ ಹಿಡಿಯಿಂದ ಗೋಡೆಯುದ್ದಕ್ಕೂ ತಟ್ಟಿ. ಟೊಳ್ಳು ಸದ್ದು ಬಂದ ಕಡೆ ಗಾರೆ ಹಿಡಿದಿಲ್ಲ. ಮೇಸ್ತ್ರಿಯ ಲೆಕ್ಕ ಚುಕ್ತಾ ಮಾಡುವ ಮೊದಲೇ ಅಲ್ಲಿ ಕಿತ್ತು ಮತ್ತೆ ಮಾಡಿಸಿ.

ಜಿಪ್ಸಂ ಸಾರಣೆಗೆ ಕ್ಯೂರಿಂಗ್ ಬೇಡ, ನಾಲ್ಕು ದಿನದ ಕೆಲಸ ಒಂದು ದಿನಕ್ಕೆ ಮುಗಿಯುತ್ತದೆ ಎಂದು ಯಾರಾದರೂ ಹೇಳಬಹುದು. ನಿಜ. ಆದರೆ ಅದು ಮೆತ್ತಗೆ, ನೀರು ಕಂಡರೆ ಆಗದು. ಬೆಡ್‌ರೂಮಿಗೆ ಇರಲಿ.

ಬಣ್ಣ

ಹೊಸ ಸಿಮೆಂಟಿನಲ್ಲಿ ಕ್ಷಾರ ಹೆಚ್ಚು. ಬೇಗ ಬಳಿದರೆ ಬಣ್ಣ ಸುಟ್ಟಂತಾಗಿ ತೇಪೆ ತೇಪೆ ಕಾಣುತ್ತದೆ. ಸಾರಣೆಯಾಗಿ 28 ದಿನ ಬಿಡಿ. ಆಮೇಲೆ ಒಂದು ಕೋಟು ಕ್ಷಾರ ತಡೆಯುವ ಸಿಮೆಂಟ್ ಪ್ರೈಮರ್, ಎರಡು ಕೋಟು ತೊಳೆಯಬಹುದಾದ ಎಮಲ್ಷನ್. ಈ ಕೋಣೆಗೆ ಎಮಲ್ಷನ್ ಸುಮಾರು ಆರು ಲೀಟರ್ ಹಿಡಿಯುತ್ತದೆ. ಪುಟ್ಟಿಯನ್ನು ಸೂಜಿತೂತು, ಸಣ್ಣ ಗುಳಿಗಳಿಗಷ್ಟೇ ಬಳಸಿ.

ಬಿಳಿ ಅಥವಾ ಕೆನೆಬಣ್ಣವೇ ಆಗಲಿ, ಹೊಳಪಿಲ್ಲದ್ದಾಗಲಿ. ಟ್ಯೂಬ್‌ಲೈಟು ಗೋಡೆಯಲ್ಲಿ ಮಿಂಚಿದರೆ ಪೆನ್ಸಿಲ್ ಗೆರೆ ಕಾಣುವುದಿಲ್ಲ. ಕೆಳಗಿನ ಮೂರಡಿಗೆ ಬೂದುಬಣ್ಣ ಕೊಟ್ಟರೆ ಕಾಲಿನ ಕೊಳೆ, ಹಲಗೆಯ ಗೀರು ಎದ್ದು ಕಾಣವು. ಶೀತದ ಗುಮಾನಿಯಿದ್ದ ಗೋಡೆಗೆ ಆಯಿಲ್ ಪೇಂಟ್ ಬೇಡವೇ ಬೇಡ, ಗುಳ್ಳೆ ಏಳುತ್ತದೆ. ಅಲ್ಲಿ ಸುಣ್ಣ ಬಳಿಯಿರಿ. ಮೈಗೆ ಮೆತ್ತಿಕೊಳ್ಳುತ್ತದೆ ಎಂಬ ದೂರು ನಿಜ, ಸ್ವಲ್ಪ ಅಂಟು ಬೆರೆಸಿದರೆ ಕಡಿಮೆಯಾಗುತ್ತದೆ. ವರ್ಷ ವರ್ಷ ದೀಪಾವಳಿಗೊಮ್ಮೆ ಬಳಿದರೂ ಖರ್ಚು ಕಮ್ಮಿ.

ಪ್ಲೈ ಹೊದಿಕೆ

ವರ್ಕ್‌ಶಾಪಿನ ಗೋಡೆಗೆ ಜೀವ ಬರುವುದು ಇಲ್ಲಿ. ಒಮ್ಮೆ ಪ್ಲೈ ಕೂರಿಸಿದರೆ ಮುಂದೆ ಡ್ರಿಲ್ ಹಿಡಿದು ಗೋಡೆ ಕೊರೆಯುವ ಕೆಲಸವೇ ಇಲ್ಲ. ಎಲ್ಲಿ ಬೇಕೋ ಅಲ್ಲಿ ಸ್ಕ್ರೂ ತಿರುಗಿಸಿದರಾಯಿತು, ಬೇಡವಾದರೆ ಬಿಚ್ಚಿದರಾಯಿತು. ನಾಲ್ಕೂ ಗೋಡೆಗೆ ಬೇಡ. ಮೇಜಿನ ಹಿಂದಿನ 12 ಅಡಿ ಗೋಡೆಗೆ ನಾಲ್ಕಡಿ ಎತ್ತರದ ಪಟ್ಟಿ ಸಾಕು, ಒಂದೂವರೆ ಹಾಳೆಯಲ್ಲಿ ಮುಗಿಯುತ್ತದೆ.

ಪ್ಲೈ ಕೊಳ್ಳುವಾಗ ನೀರು ತಾಳುವ ಬಿಡಬ್ಲ್ಯುಆರ್ ದರ್ಜೆಯದು ಕೇಳಿ, ಐಎಸ್ 303 ಮುದ್ರೆ ನೋಡಿ. ಕರಾವಳಿಯವರು ಐಎಸ್ 710ರ ಮರೀನ್ ಪ್ಲೈಗೆ ಹೋದರೂ ದುಡ್ಡು ದಂಡವಲ್ಲ. ಪಾರ್ಟಿಕಲ್ ಬೋರ್ಡು, ಎಂಡಿಎಫ್ ಅಗ್ಗವಾದರೂ ನಮ್ಮ ಮಳೆಗೆ ರಸ್ಕಿನಂತೆ ಉಬ್ಬುತ್ತವೆ.

ಗೋಡೆಗೆ ನೇರವಾಗಿ ಅಂಟಿಸಬೇಡಿ. ಎರಡು ಇಂಚು ಅಗಲ, ಒಂದು ಇಂಚು ದಪ್ಪದ ಮರದ ಪಟ್ಟಿಗಳನ್ನು, ಅಂದರೆ ರೀಪರುಗಳನ್ನು, 16 ಇಂಚಿಗೊಂದರಂತೆ ನಿಲ್ಲಿಸಿ ಹೊಡೆಯಿರಿ. ಎಂಟಡಿ ಹಾಳೆಯ ಎರಡೂ ತುದಿ ಆಗ ಸರಿಯಾಗಿ ರೀಪರ್ ಮೇಲೇ ಬರುತ್ತವೆ. ಎರಡು ಹಾಳೆ ಸೇರುವ ರೀಪರ್ ಮಾತ್ರ ಮೂರಿಂಚು ಅಗಲದ್ದಿರಲಿ. ರೀಪರ್ ಅಡ್ಡ ಹೊಡೆದರೆ ಹಿಂದಿನ ಗಾಳಿ ನಿಲ್ಲುತ್ತದೆ, ನಿಲುವಾಗಿದ್ದರೆ ಕೆಳಗಿಂದ ಮೇಲಕ್ಕೆ ಆಡುತ್ತದೆ. ಮತ್ತಿಯೋ ಹೊನ್ನೆಯೋ ಸಿಕ್ಕರೆ ಒಳ್ಳೆಯದು. ಯಾವುದೇ ಆದರೂ ಗೆದ್ದಲಿನ ಔಷಧಿ ಎರಡು ಕೈ ಬಳಿದೇ ಹೊಡೆಯಿರಿ. ಹಲಗೆ ನೆಲ ಮುಟ್ಟದಿರುವುದರಿಂದ ಗೆದ್ದಲು ಮಣ್ಣಿನ ದಾರಿ ಕಟ್ಟಿಕೊಂಡು ಹತ್ತಿದರೂ ಬರಿಗೋಡೆಯ ಮೇಲೆ ಕಣ್ಣಿಗೆ ಬೀಳುತ್ತದೆ.

ಸ್ಕ್ರೂ ಉದ್ದದ ಲೆಕ್ಕ ಹೀಗೆ: ರೀಪರ್ 25 ಮಿ.ಮೀ., ಸಾರಣೆ 15, ಬ್ಲಾಕಿನೊಳಗೆ 40. ಒಟ್ಟು 80 ಮಿ.ಮೀ. ಸಾರಣೆಯಲ್ಲಿ ಸಿಕ್ಕಿಕೊಂಡದ್ದು ಲೆಕ್ಕಕ್ಕಿಲ್ಲ. ನನ್ನ ಕ್ಲ್ಯಾಂಪುಗಳು ಕಿತ್ತು ಬಂದದ್ದು ಒಂದಿಂಚು ಮೊಳೆ ನಂಬಿ. 8 ಮಿ.ಮೀ. ಬಿಟ್‌ನಲ್ಲಿ ಸ್ಕ್ರೂಗಿಂತ 10 ಮಿ.ಮೀ. ಆಳ ಹೆಚ್ಚು ಕೊರೆದು, ಒಳಗಿನ ಪುಡಿಯನ್ನು ಊದಿ ತೆಗೆದು ಪ್ಲಗ್ ಹಾಕಿ. ಊದುವಾಗ ಕಣ್ಣು ಜೋಪಾನ. ಮೇಲೆ 12 ಮಿ.ಮೀ. ಪ್ಲೈ, 35 ಮಿ.ಮೀ. ಸ್ಕ್ರೂ, ಎರಡು ಹಾಳೆಗಳ ನಡುವೆ 3 ಮಿ.ಮೀ. ಸಂದು. ಹಿಂಬದಿಗೂ ಅಂಚಿಗೂ ವಾರ್ನಿಷ್ ಬಳಿದ ಮೇಲೆಯೇ ಏರಿಸಿ; ಮುಂಬದಿ ಮಾತ್ರ ಬಳಿದ ಹಾಳೆ ಬಿಲ್ಲಿನಂತೆ ಬಾಗುತ್ತದೆ. ರೀಪರ್ ಸಂದಿನ ಮೇಲೂ ಕೆಳಗೂ ಸಣ್ಣ ಕಣ್ಣಿನ ಜಾಲರಿ ಹೊಡೆಯದಿದ್ದರೆ ಜಿರಲೆ, ಹಲ್ಲಿಗಳಿಗೆ ಪುಕ್ಕಟೆ ಬಾಡಿಗೆ ಮನೆ.

ತೂಗುಹಾಕಲು ನಾನು ಫ್ರೆಂಚ್ ಕ್ಲೀಟ್ ಎಂಬ ಪದ್ಧತಿಗೆ ಒಗ್ಗಿದ್ದೇನೆ. 18 ಮಿ.ಮೀ. ಪ್ಲೈನ ಆರಿಂಚು ಪಟ್ಟಿಯನ್ನು ಉದ್ದಕ್ಕೆ 45 ಡಿಗ್ರಿ ಓರೆಯಾಗಿ ಸೀಳಿದರೆ ಎರಡು ಪಟ್ಟಿಯಾಗುತ್ತದೆ. ಒಂದನ್ನು ಓರೆ ಅಂಚು ಮೇಲೆ ಬಂದು, ಅದರ ಚೂಪು ತುದಿ ನಮ್ಮ ಕಡೆಗಿರುವಂತೆ ರೀಪರ್ ಇರುವ ಜಾಗಕ್ಕೇ ಸ್ಕ್ರೂ ಮಾಡಿ. ಹಿಂದೆ ಒಂದು ತೊಟ್ಟಿಯಂಥ ಸಂದು ಆಗುತ್ತದೆ. ಇನ್ನೊಂದನ್ನು ಉಳಿಯ ಪೆಟ್ಟಿಗೆಯದೋ ಗರಗಸದ ಗೂಡಿನದೋ ಬೆನ್ನಿಗೆ ತಲೆಕೆಳಗಾಗಿ ಹೊಡೆಯಿರಿ. ಗೂಡನ್ನು ಎತ್ತಿ ಸಂದಿಗೆ ಇಳಿಸಿದರೆ ತನ್ನ ಭಾರದಿಂದಲೇ ಗೋಡೆಗೆ ಒತ್ತಿ ಕೂರುತ್ತದೆ. ಎಂಟು–ಹತ್ತು ಇಂಚಿಗೊಂದು ಸಾಲಿದ್ದರೆ ಯಾವ ಗೂಡನ್ನು ಎಲ್ಲಿಗೆ ಬೇಕಾದರೂ ಬದಲಿಸಬಹುದು.

ಕರೆಂಟು

ಮನೆಯೊಳಗೆ ವಯರನ್ನು ಗೋಡೆಯೊಳಗೆ ಹೂಳುತ್ತೇವೆ. ಇಲ್ಲಿ ಬೇಡ ಎನ್ನುವುದು ನನ್ನ ಅನುಭವ. ಯಂತ್ರ ಬದಲಾಗುತ್ತದೆ, ಜಾಗ ಬದಲಾಗುತ್ತದೆ, ಕುರುಡಾಗಿ ಸ್ಕ್ರೂ ಹೊಡೆಯುವ ಗೋಡೆಯೊಳಗೆ ವಯರಿದ್ದರೆ ಜೀವಭಯ. ಬಣ್ಣ, ಪ್ಲೈ ಎಲ್ಲ ಮುಗಿದ ಮೇಲೆ ಗಟ್ಟಿ ಪಿವಿಸಿ ಪೈಪನ್ನು ಗೋಡೆಯ ಮೇಲೆಯೇ ಸ್ಯಾಡಲ್ (ಪೈಪು ಹಿಡಿಯುವ ಪಟ್ಟಿ) ಹೊಡೆದು ಓಡಿಸಿ. ಮೇಜಿನ ಹಿಂದೆ ಮಾತ್ರ ಪ್ಲೈನ ಕೆಳಗಂಚಿನಲ್ಲಿ, 42 ಇಂಚಿಗೆ ಸಾಲಾಗಿ ಸಾಕೆಟ್. ಅಲ್ಲಿ ಹಾಳೆ ಒರಗುವುದಿಲ್ಲ. ಹೂಳಲೇಬೇಕಾದರೆ ಪೈಪಿಗಾಗಿ ಕೊರೆಯುವ ನಿಲುವು ಗೀರಿನ ಆಳ ಗೋಡೆಯ ದಪ್ಪದ ಮೂರನೇ ಒಂದು ಪಾಲು, ಅಡ್ಡ ಗೀರಿನದು ಆರನೇ ಒಂದು ಪಾಲು ಮೀರಬಾರದು. ನಾಲ್ಕಿಂಚು ಗೋಡೆಗೆ ಅಡ್ಡ ಗೀರು ಬೇಡವೇ ಬೇಡ. ಗೀರುವಾಗ ಗೋಡೆ ಒದ್ದೆ ಮಾಡಿ, ಮೂಗಿಗೆ ಸರಿಯಾದ ಮಾಸ್ಕ್ ಕಟ್ಟಿ. ಸಾರಣೆ ಮುಚ್ಚುವ ಮೊದಲು ಪೈಪಿನ ಪಕ್ಕ ಅಳತೆಯ ಟೇಪು ಹಿಡಿದು ಫೋಟೋ ತೆಗೆದಿಟ್ಟುಕೊಳ್ಳಿ.

ಕೆಲಸವನ್ನು ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ನರಿಗೇ ಕೊಡಿ, ಆದರೆ ಏನು ಬೇಕೆಂದು ನಿಮಗೆ ಗೊತ್ತಿರಲಿ. ಮೇನ್ ಬೋರ್ಡಿನಿಂದ 4 ಚದರ ಮಿ.ಮೀ.ನ ಬೇರೆಯೇ ಲೈನು, 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ (ಕರೆಂಟು ಸೋರಿದರೆ ತಕ್ಷಣ ಲೈನು ಕಡಿಯುವ ಸ್ವಿಚ್ಚು), ಸರಿಯಾದ ಅರ್ತಿಂಗ್. 16 ಆಂಪಿಯರ್ ಸಾಕೆಟ್‌ಗಳಿಗೆ 2.5 ಚದರ ಮಿ.ಮೀ.ಗೆ ಕಡಿಮೆಯಿಲ್ಲದ ವಯರು. ಮೋಟಾರು ಶುರುವಾಗುವಾಗ ಓಡುವಾಗಿನ ಹಲವು ಪಟ್ಟು ಕರೆಂಟು ಎಳೆಯುತ್ತದೆ, ಹಾಗಾಗಿ ಆ ಎಳೆತಕ್ಕೆ ಬೀಳದ ಸಿ ಬಗೆಯ ಎಂಸಿಬಿ (ಮಿತಿ ಮೀರಿ ಕರೆಂಟು ಹರಿದರೆ ಲೈನು ಕಡಿಯುವ ಸ್ವಿಚ್ಚು). ದೀಪಗಳಿಗೆ ಮಾತ್ರ ಪ್ರತ್ಯೇಕ ಎಂಸಿಬಿ ಇರಲೇಬೇಕು. ಎಲ್ಲ ಒಂದರಲ್ಲೇ ಇದ್ದು ರಾತ್ರಿ ಗರಗಸ ಟ್ರಿಪ್ ಮಾಡಿತೆಂದರೆ, ಅಲಗು ಇನ್ನೂ ತಿರುಗುತ್ತಿರುವಾಗಲೇ ನೀವು ಕತ್ತಲಲ್ಲಿ ನಿಂತಿರುತ್ತೀರಿ. ಕರೆಂಟ್ ಬಿಲ್ಲಿನಲ್ಲಿ ಮಂಜೂರಾದ ಲೋಡ್ ಎಷ್ಟೆಂದೂ ಒಮ್ಮೆ ನೋಡಿ.

ಕಿಡಿಯ ಮೂಲೆ, ಸದ್ದಿನ ಗೋಡೆ

ಗ್ರೈಂಡರ್ ಮೂಲೆಯಲ್ಲಿ ಬರಿ ಸಾರಣೆಯೇ ಉತ್ತಮ ಹೊದಿಕೆ. ಕೊಳೆ ಒರೆಸಲು ಸುಲಭವಾಗಲಿ ಎಂದರೆ ಮೂರು–ನಾಲ್ಕಡಿ ಎತ್ತರಕ್ಕೆ ಕಡಪ ಕಲ್ಲು ಕೂರಿಸಿ. ಮರದ ಪುಡಿ ಆ ಕಡೆ ಹಾರಿ ಬೀಳುವಂತಿದ್ದರೆ ಕಿಡಿಯ ಕೆಲಸಕ್ಕೆ ಮುಂಚೆ ಗುಡಿಸಲೇಬೇಕು.

ಪಕ್ಕದ ಮನೆಯವರಿಗೆ ಸದ್ದು ಹೋಗುತ್ತದೆಂದು ಮೊಟ್ಟೆಯ ಟ್ರೇ, ಫೋಮ್ ಅಂಟಿಸುವುದರಿಂದ ಪ್ರಯೋಜನವಿಲ್ಲ. ಬೆಂಕಿಗೆ ಮಾತ್ರ ಅವು ಒಳ್ಳೆಯ ಆಹಾರ. ಸದ್ದು ಹೋಗುವುದು ಹೆಚ್ಚಾಗಿ ಬಾಗಿಲ ಸಂದು, ಕಿಟಕಿ, ಹೆಂಚಿನ ಮಾಡಾದರೆ ಗೋಡೆಯ ತಲೆ–ಮಾಡಿನ ನಡುವಿನ ತೆರವಿನಿಂದ. ಬಾಗಿಲಿಗೆ ರಬ್ಬರ್ ಪಟ್ಟಿ ಕೊಟ್ಟು, ತೆರವಿಗೆ ಇಟ್ಟಿಗೆ ಇಟ್ಟು ಗಾಳಿಗೆ ಬೇಕಾದಷ್ಟೇ ಜಾಲರಿ ಬಿಟ್ಟು ನೋಡಿ. ಅಷ್ಟಕ್ಕೂ ಸಾಲದಿದ್ದರೆ ಪ್ಲೈ ಹಿಂದೆ 50 ಮಿ.ಮೀ. ರಾಕ್‌ವೂಲ್ (ಕಲ್ಲಿನ ಎಳೆಗಳ ಹಾಸು) ತುಂಬಬಹುದು, ಆಗ ರೀಪರೂ ಎರಡಿಂಚು ದಪ್ಪದ್ದೇ ಬೇಕು, ಸ್ಕ್ರೂವೂ ಅಷ್ಟೇ ಉದ್ದವಾಗಬೇಕು. ಶೀತದ ಗೋಡೆಗೆ ಮಾತ್ರ ಈ ಪ್ರಯೋಗ ಬೇಡ.

ಕಿಟಕಿ ಪಕ್ಕದ ಗೋಡೆಗೆ ನಾನು ಪ್ಲೈ ಹಾಕಿಲ್ಲ. ಅಲ್ಲಿ ಮೂರಡಿ ಅಗಲಕ್ಕೆ ಶಾಲೆಯ ಬೋರ್ಡಿಗೆ ಹಚ್ಚುವ ಕಪ್ಪು ಬಣ್ಣ ಬಳಿದು, ಕಟಿಂಗ್ ಲೆಕ್ಕಗಳನ್ನು ಅಲ್ಲೇ ಬರೆಯುತ್ತೇನೆ. ಸದ್ಯಕ್ಕೆ ಅಲ್ಲಿರುವುದು ಮಗಳ ಪುಸ್ತಕದ ಕಪಾಟಿನ ಅಳತೆ, ಎರಡು ಸಲ ಅಳಿಸಿ ಬರೆದದ್ದು.